ಸ್ಕೂಲ್ ವ್ಯಾನಿನ ತುಂಡು ತಂತಿ

ರೀ,

ಸ್ಕೂಲ್ ವ್ಯಾನ್ ಸರಿಯಾಗಿದೆ. ಕೀಲಿ ಅಡುಗೆಮನೆಯ ಮೊಳೆಯಲ್ಲಿದೆ. ಡ್ರೈವರಣ್ಣ ಎಂಟಕ್ಕೆ ಬರುತ್ತಾರೆ.

ಬ್ರೇಕಿನ ಕಂಪ್ಯೂಟರ್ ಕೆಟ್ಟಿರಲಿಲ್ಲ. ನೀವು ತರಿಸಿದ ಹೊಸದರ ಡಬ್ಬಿ ಬಿಚ್ಚಿಲ್ಲ, ಅಂಗಡಿಗೆ ವಾಪಸ್ ಕೊಡಿ. ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಆ ಹೆಣೆದ ಎರಡು ತಂತಿಗಳಲ್ಲೇ ತೊಂದರೆ ಇತ್ತು. ಬ್ಯಾಟರಿ ಕಳಚಿ ಅವಕ್ಕೆ ಮೀಟರ್ ಹಿಡಿದು ಅಳೆದರೆ ಅರವತ್ತು ಓಮ್ ಬರಬೇಕು. ನೂರಿಪ್ಪತ್ತು ಬಂತು. ಬ್ಯಾಟರಿ ಕಳಚದೆ ಅಳೆದ ನಿಮಗೆ ಎಷ್ಟು ಬಂದಿತ್ತೋ ದೇವರೇ ಬಲ್ಲ. ಹಿಂಬದಿಯ ಕ್ಯಾಮೆರಾ ಕೂಡಿಸುವಾಗ ನೀವೇ ಸುತ್ತಿದ ಟೇಪಿನ ಕೆಳಗೆ ಒಂದು ತಂತಿ ತುಂಡಾಗಿತ್ತು. ಬೇರೆ ತಂತಿ ಬೆಸೆದಿದ್ದೇನೆ. ಈಗ ಅರವತ್ತು.

ನಿನ್ನೆ ನೀವು ಡ್ರೈವರಣ್ಣನಿಗೆ, "ನಮ್ಮನೆಯವಳು ಕೈಯಾಡಿಸಿದ್ಲು, ಅದಕ್ಕೇ ಹೀಗಾಯ್ತು" ಅಂದಾಗ ನಾನು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. "ಅಕ್ಕ ಮುಟ್ಟಿದ್ಮೇಲೆ ಗಾಡಿ ಕೆಟ್ಟಿದ್ದು ನಾನಂತೂ ನೋಡಿಲ್ಲ ಅಣ್ಣ" ಅಂದರು ಅವರು. ಈ ಗ್ಯಾರೇಜಿನ ಹದಿನೆಂಟು ವರ್ಷದಲ್ಲಿ ಆ ಮಾತು ನಿಮ್ಮ ಬಾಯಿಂದ ಒಂದು ಸಲವೂ ಬರಲಿಲ್ಲ.

ತುಂಡು ತಂತಿಯನ್ನು ನಿಮ್ಮ ತಟ್ಟೆಯ ಪಕ್ಕ ಇಟ್ಟಿದ್ದೇನೆ. ಅದನ್ನು ಡ್ರೈವರಣ್ಣನಿಗೆ ತೋರಿಸಿ, ತುಂಡಾಗಿದ್ದು ಯಾರ ಕೈಯಿಂದ ಅಂತ ನಿಜ ಹೇಳಿ. ಹೇಳದೆ ಕೀಲಿ ಕೊಡಬೇಡಿ. ನೀವು ಹೇಳದಿದ್ದರೆ ಸಂಜೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಬಸ್ ಡಿಪೋದವರು ಮೂರು ಸಲ ಕರೆದಿದ್ದ ಕೆಲಸಕ್ಕೆ ಇವತ್ತಿನಿಂದ ಹೋಗುತ್ತಿದ್ದೇನೆ. ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಉಣ್ಣಿ. ಮಾತ್ರೆ ಮರೆಯಬೇಡಿ.

ಮೀಟರ್ ಹುಡುಕಬೇಡಿ, ನನ್ನ ಚೀಲದಲ್ಲಿದೆ. ಗಿರಾಕಿಗಳ ಮುಂದೆ "ಇವಳು ಟಾರ್ಚ್ ಹಿಡಿಯೋಳು" ಅನ್ನುತ್ತಿದ್ದಿರಲ್ಲ, ಆ ಟಾರ್ಚ್ ಮಾತ್ರ ನಿಮ್ಮ ಮೇಜಿನ ಮೇಲಿದೆ.