ಊದಿದ ನಾಲಿಗೆಗೆ ಕೆಂಪು ಚೀಟಿ

ಜೂನ್ 3, ಸೋಮವಾರ

ವಾಕಿಂಗ್ ಆಯಿತು. ವಿಮಾನಪುರದ ಪಾರ್ಕಿನಲ್ಲಿ ಅದೇ ಹರಟೆಮಲ್ಲರು. ಬಿ.ಪಿ. ಮಾತ್ರೆಯಿಂದ ಪಾದ ಊದುತ್ತಿದೆ ಅಂದಿದ್ದೇ ತಡ, ಶ್ರೀರಾಮಪ್ಪ ಜೇಬಿನಿಂದ ತನ್ನ ಮಾತ್ರೆಯ ಸ್ಟ್ರಿಪ್ ತೆಗೆದ, ಒಂದಲ್ಲ, ಎರಡು. "ನಿಮ್ದು ಬಿಡಿ ಮುನಿಕೃಷ್ಣಪ್ಪೋರೆ, ಇದ್ ತಗೊಳ್ಳಿ. ಹತ್ತು ವರ್ಷದಿಂದ ನುಂಗ್ತಿದೀನಿ, ಏನಾಗಿದೆ ನಂಗೆ?" ಏನೂ ಆಗಿಲ್ಲ, ಬುದ್ಧಿಯೂ ಬಂದಿಲ್ಲ. ತೆಗೆದುಕೊಂಡೆ. ಪಾರ್ಕಿನಲ್ಲಿ ಎಲ್ಲರದೂ ಇದೇ ರೂಢಿ... ಹಿಂದೆ ನಶ್ಯದ ಡಬ್ಬಿ ಕೈಬದಲಾಗುತ್ತಿತ್ತು, ಈಗ ಸ್ಟ್ರಿಪ್.

ಅಳಿಯನನ್ನು ಕೇಳಬಹುದಿತ್ತು. ಲಿಂಗರಾಜಪುರದಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಕತ್ತರಿ ಹಿಡಿದು ಮಾತ್ರೆ ಕತ್ತರಿಸಿ ಕೊಡುವವನನ್ನು ನಾನು ಕೇಳಬೇಕೆ? ಥೂ! ಒಂದು ನುಂಗಿ, ಉಳಿದದ್ದನ್ನು ಯಾರ ಕಣ್ಣಿಗೂ ಬೀಳದಂತೆ ಹಳೆಯ ಕಂದು ಷೂ ಒಳಗಿಟ್ಟೆ.

ಜೂನ್ 15, ಶನಿವಾರ

ಎದ್ದರೆ ನಾಲಿಗೆ ದಪ್ಪ. ಅಂಚಿನಲ್ಲಿ ಹಲ್ಲಿನ ಗುರುತು. ಮಧ್ಯಾಹ್ನಕ್ಕೆ ಊತ ಇಳಿಯಿತು, ಪಂಡಿತರ ಉತ್ಸಾಹ ಇಳಿಯಲಿಲ್ಲ. ಪಕ್ಕದ ಮನೆಯ ಇಮಾಮ್ ಬೀ — "ಬದನೆಕಾಯಿ ಸಾಬ್, ಗ್ಯಾರಂಟಿ!" ತಿಂದೇ ಇಲ್ಲ. ಮಗಳು ಶ್ವೇತ — "ಟೂತ್‌ಪೇಸ್ಟ್ ಬದಲಾಯ್ತಲ್ಲ ಅಪ್ಪ, ಅದೇ." ಶ್ರೀರಾಮಪ್ಪ — ಜೇನುಹುಳ ಕಚ್ಚಿರಬೇಕಂತೆ. ಬಾಯಿ ತೆರೆದು ಮಲಗಲು ನಾನೇನು ಅವನೇ?

ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಪಾರ್ಟ್ ಕೆಟ್ಟರೆ ಮೊದಲ ಪ್ರಶ್ನೆ: ಏನು ಬದಲಾಯಿತು? ಉತ್ತರ ತಡವರಿಸಿದರೆ ಕೆಂಪು ಚೀಟಿ, ರಿಜೆಕ್ಟ್. ಇವರ ಕಾರಣಗಳಿಗೆಲ್ಲ ಕೆಂಪು ಚೀಟಿ.

ಸಂಜೆ ಅಳಿಯ ಸುಗತ ಅಂಗಡಿ ಮುಚ್ಚಿ ಮನೆಗೆ ಬಂದ. ಟಾರ್ಚ್ ಹಿಡಿದು ಬಾಯಿ ನೋಡಿದ. "ಮಾವ, ಹೊಸ ಮಾತ್ರೆ ಏನಾದ್ರೂ ಶುರು ಮಾಡಿದೀರಾ? ಕೆಲವು ಬಿ.ಪಿ. ಮಾತ್ರೆಗೆ ಹಿಂಗಾಗುತ್ತೆ."

"ಇಲ್ಲ."

"ನಿಜ ಹೇಳಿ ಮಾವ. ಇನ್ನೊಂದ್ಸಲ ಬಂದ್ರೆ ಉಸಿರೇ ಕಟ್ಬೋದು."

ನನ್ನನ್ನೇ ಸುಳ್ಳುಗಾರ ಅಂತಾನೆ! ಎದ್ದು ಹೋದೆ. ಹಿಂದಿನಿಂದ ಶ್ವೇತ — "ಬಿದ್ರೂ ಮೀಸೆ ಮಣ್ಣಾಗ್ಬಾರ್ದು ಇವ್ರಿಗೆ." ಅವಳೂ ಅವನ ಕಡೆಯೇ.

ಜೂನ್ 16

ಷೂ ಒಳಗಿಂದ ಮಾತ್ರೆ ತೆಗೆದೆ. ಏನು ಬದಲಾಯಿತು ಅಂತ ನನಗೆ ಗೊತ್ತಿಲ್ಲವೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೆ ಬಿಟ್ಟರೆ ಅವನು ಹೇಳಿದ್ದು ಸರಿ ಅಂದಂತಾಗುತ್ತದೆ. ಪಾದದ ಊತವಂತೂ ಇಳಿದಿದೆ. ನುಂಗಿದೆ.

ಜೂನ್ 22

ನಾಲಿಗೆ ಸರಿಯಾಗಿದೆ. ನೋಡಿದೆಯಾ ಮೆಡಿಕಲ್ ಶಾಪ್ ಮಹಾಶಯ? ಊಟಕ್ಕೆ ಕೂತಾಗ ಮತ್ತೆ ಅದೇ ರಾಗ, "ಹೇಗಿದೆ ಮಾವ ನಾಲಿಗೆ?" ಅವನ ತಟ್ಟೆಗೆ ಶ್ವೇತ ಎರಡನೇ ಸಲ ಮುದ್ದೆ ಬಡಿಸಿದಳು. ತಿನ್ನುವುದರಲ್ಲಿ ಮಾತ್ರ ಜಾಣ.

ಜೂನ್ 29, ಬೆಳಗ್ಗೆ 6.20

ಮತ್ತೆ ಊದಿದೆ. ಬಾಯಿ ತುಂಬ ನಾಲಿಗೆ. ಮಾತು ಹೊರಡುತ್ತಿಲ್ಲ. ಆಂಬುಲೆನ್ಸ್ ಹೊರಟಿದೆಯಂತೆ. ಅಳಿಯ ಎದುರಿಗೆ ಮಂಡಿಯೂರಿ ಕೂತಿದ್ದಾನೆ — "ಏನ್ ತಗೊಂಡ್ರಿ ಮಾವ, ಬರ್ದಾದ್ರೂ ತೋರ್ಸಿ." ಕೈಗೆ ಸಿಕ್ಕಿದ್ದು ಇದೇ ಪುಸ್ತಕ.

ಸುಗತ ಅವರೇ, ಸುಳ್ಳು ಹೇಳಿದೆ. ಶ್ರೀರಾಮಪ್ಪನ ಬಿ.ಪಿ. ಮಾತ್ರೆ. 3ರಿಂದ. ಕಂದು ಷೂ ಒಳಗಿದೆ, ಎಡಗಾಲಿನದು. ನೀವು ಹೇಳಿದ್ದೇ ಸರಿ. ಆಸ್ಪತ್ರೆಯವರಿಗೆ ಈ ಪುಟ ಮಾತ್ರ ತೋರಿಸಿ. ದಯವಿಟ್ಟು ಹಿಂದಿನ ಪುಟ ತಿರುಗಿಸಬೇಡಿ. ನಿಮ್ಮ ಬಗ್ಗೆ ನಾನು