ಅಂಚಿಲ್ಲದ ಜಮಖಾನೆ

ಫೆಬ್ರವರಿ ೩೦, ೨೨೩೧

ಜೈಲು ಡಾಕ್ಟರರಾದ ಶಿವಬಸಪ್ಪ ಅಜ್ಜನವರಿಗೆ, ನಿಮ್ಮ ಏಳನೆಯ ತಲೆಮಾರಿನ ಗುರುಪಾದನ ನಮಸ್ಕಾರಗಳು. ಊರೆಲ್ಲ ನನ್ನನ್ನು ಕಾಕಾ ಎನ್ನುತ್ತದೆ. ತಾರೀಖು ಕಂಡು ಹುಬ್ಬೇರಿಸಬೇಡಿ. ಫೆಬ್ರವರಿ ಬಡವಾಗಿದೆಯೆಂದು ನಾವು ಅದಕ್ಕೆ ಎರಡು ದಿನ ಕೊಟ್ಟಿದ್ದೇವೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಳ್ಳಿಶಾಲೆಯಲ್ಲಿ ಕಲಿತವನು, ಆದರೂ ಕಾಗದದ ಮೇಲಿನ ಕೈಬರಹ ಓದಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ. ಇದನ್ನು ನಾನೇ ಹೇಳಬೇಕು, ಬೇರೆಯವರು ಹೇಳುವುದಿಲ್ಲ.

ನಿಮ್ಮ ಜೈಲು ಈಗ ಬೀಜಗೂಡು, ಅಂದರೆ ಊರಿನ ಬಿತ್ತನೆ ಕಾಳನ್ನು ತಂಪಾಗಿಡುವ ಮನೆ. ದಪ್ಪ ಗೋಡೆ ಜೋಳಕ್ಕೆ ಒಳ್ಳೆಯದು. ನಾನು ಅದರ ಕಾವಲುಗಾರ. ಇಲ್ಲಿನ ಮಕ್ಕಳಿಗೆ ನೇಣು ಎಂದರೆ ಉಯ್ಯಾಲೆಯ ಹಗ್ಗ. ನಿನ್ನೆ ಗೋಡೆಗೂಡಿನಲ್ಲಿ ನಿಮ್ಮ ಫೈಲು ಸಿಗುವವರೆಗೆ ನನಗೂ ಹೆಚ್ಚೇನೂ ಗೊತ್ತಿರಲಿಲ್ಲ.

ಅದರಲ್ಲಿರುವುದು ಫಕೀರಪ್ಪನೆಂಬ ಕೈದಿಯ ಕತೆ. ಕೊಲೆ ಮಾಡಿದ್ದಾನೆ, ನಿಜ. ಆಮೇಲೆ ಬುದ್ಧಿ ಕೆಟ್ಟಿದೆ. ತನಗೇಕೆ ಗಲ್ಲು ಎಂದು ತಿಳಿಯದವನನ್ನು ಗಲ್ಲಿಗೇರಿಸಬಾರದೆಂದು ಕೋರ್ಟು ಹೇಳಿದೆ. ಅದಕ್ಕೆ ನೀವು ಎಂಟು ತಿಂಗಳು ಗುಳಿಗೆ ಕೊಟ್ಟು, ತಿಳಿವು ಬಂತೇ ಎಂದು ಪರೀಕ್ಷೆ ಮಾಡಿದ್ದೀರಿ. ಸಾಯಿಸಲಿಕ್ಕೆಂದು ಗುಣಪಡಿಸುವುದೇ ಅಜ್ಜಾ? ನನ್ನ ಓದೇ ತಪ್ಪಿರಬೇಕೆಂದು ಆ ಸಾಲನ್ನು ಮೂರು ಸಲ ಓದಿದೆ. ನನ್ನ ಓದು ತಪ್ಪಿದ್ದು ಇದುವರೆಗೆ ಇಲ್ಲ.

ಅವನ ಉತ್ತರವನ್ನು ನೀವೇ ಬರೆದುಕೊಂಡಿದ್ದೀರಿ: “ಗೊತ್ತೈತ್ರಿ ಡಾಕ್ಟರ್ ಸಾಹೇಬ್ರ. ಕೊಂದೀನ್ರಿ, ಅದಕ್ಕ ಕುತ್ತಿಗಿಗೆ ಹಗ್ಗ ಹಾಕ್ತಾರ. ಅದು ಮುಗದ ಕೂಡ್ಲೆ ಮಗ್ಗಕ್ಕ ಬರ್ತೀನ್ರಿ, ನಿಮ್ಮ ಜಮಖಾನಿ ಅಂಚು ಉಳದೈತಿ.”

ಮೊದಲೆರಡು ವಾಕ್ಯಕ್ಕೆ ಕೆಂಪು ಗೆರೆ ಎಳೆದು ‘ತಿಳಿವಿದೆ’ ಎಂದಿದ್ದೀರಿ. ಮೂರನೆಯದಕ್ಕೆ ಗೆರೆಯಿಲ್ಲ. ನಮ್ಮ ಮೇಷ್ಟ್ರು ಅರ್ಧ ಸರಿಯಾದ ಉತ್ತರಕ್ಕೆ ಸೊನ್ನೆ ಹಾಕುತ್ತಿದ್ದರು. ನನಗೇ ಎಷ್ಟೋ ಸಲ ಹಾಕಿದ್ದಾರೆ. ಕೆಳಗೆ ನಿಮ್ಮ ಸಹಿಯ ಜಾಗವನ್ನು ಗೆದ್ದಲು ತಿಂದಿದೆ.

ಆ ಜಮಖಾನೆ ನಮ್ಮ ಮನೆಯಲ್ಲಿದೆ. ಕೈದಿಯೊಬ್ಬ ನಮ್ಮಜ್ಜನಿಗೆ ಪ್ರೀತಿಯಿಂದ ನೇಯ್ದದ್ದು ಎಂದು ಅದರ ಮೇಲೆ ಕೂತು ನಲವತ್ತು ವರ್ಷ ಜಂಭ ಕೊಚ್ಚಿದ್ದೇನೆ. ಒಂದು ತುದಿಗೆ ನವಿಲಿನ ಅಂಚಿದೆ. ಇನ್ನೊಂದು ತುದಿಯಲ್ಲಿ ಬರೀ ನೂಲು ಜೋಲುತ್ತದೆ. ಇಲಿ ಕಡಿದದ್ದು ಎಂದುಕೊಂಡಿದ್ದೆವು.

ನಿನ್ನೆಯಿಂದ ಬರಿನೆಲದ ಮೇಲೆ ಕೂರುತ್ತಿದ್ದೇನೆ. ಫಕೀರಪ್ಪನ ಉತ್ತರವನ್ನು ಕೊನೆತನಕ ಓದಿ ಅಜ್ಜಾ, ಆಮೇಲೆ ಸಹಿಗೆ ಪೆನ್ನು ತೆಗೆಯಿರಿ. ಜಮಖಾನೆಯನ್ನು ಸುತ್ತಿ ಗೋಡೆಗೆ ಒರಗಿಸಿದ್ದೇನೆ. ಈ ಪತ್ರವನ್ನು ನಿಮ್ಮ ಫೈಲಿದ್ದ ಗೋಡೆಗೂಡಿನಲ್ಲೇ ಇಟ್ಟು, ನಿಮಗೆ ಮುಟ್ಟುವಷ್ಟು ದಿನ ಬಿಟ್ಟು ಅದನ್ನು ಬಿಚ್ಚುತ್ತೇನೆ. ನೂಲು ಜೋಲುವ ಆ ತುದಿಯಲ್ಲೂ ನವಿಲಿರಲಿ.