ಮೆಟ್ಟಿಲು ತೊಳೆದ ತಪ್ಪಿಗೆ

ವಿಮಾ ಕಂಪನಿಯ ಪರಿಹಾರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಕಟ್ಟಡ ತೀರಾ ಚೊಕ್ಕಟವಾಗಿತ್ತು ಎಂಬ ಕಾರಣಕ್ಕೆ ತಾವು ನಮಗೆ ಪರಿಹಾರ ನಿರಾಕರಿಸಿದ್ದೀರಿ. ನಾನು ತಮಾಷೆ ಮಾಡುತ್ತಿಲ್ಲ, ತಮ್ಮ ಪತ್ರ ಎದುರಿಗೇ ಇದೆ. "ಪರಿಶೀಲನೆಯ ವೇಳೆ ಮೆಟ್ಟಿಲುಗಳೂ ಲಿಫ್ಟಿನ ಮೋಟಾರು ಕೋಣೆಯೂ ಶುಭ್ರವಾಗಿ ಕಂಡುಬಂದಿದ್ದು, ನೀರು ನುಗ್ಗಿ ಹಾನಿಯಾದ ಕುರುಹು ಕಂಡುಬಂದಿರುವುದಿಲ್ಲ. ಲಿಫ್ಟ್ ಹಳೆಯದಾದ್ದರಿಂದ ಕೆಟ್ಟಿದೆ." ಮೂವತ್ತೊಂದು ವರ್ಷ ನಾನೂ ಗುಮಾಸ್ತನಾಗಿದ್ದೆ. "ಕಂಡುಬಂದಿರುವುದಿಲ್ಲ" ಎಂದು ಬರೆದು ಎಷ್ಟು ಜನರನ್ನು ಬರಿಗೈಯಲ್ಲಿ ಕಳಿಸಿದ್ದೇನೋ ಲೆಕ್ಕವಿಲ್ಲ. ಆ ಮಾತು ಓದುವವನ ಕೈಗೆ ಬಂದಾಗ ಹೇಗಿರುತ್ತದೆಂದು ಈಗ ಗೊತ್ತಾಯಿತು.

ನಡೆದದ್ದು ಇಷ್ಟು. ಒಂದು ಬೆಳಿಗ್ಗೆ ನಮ್ಮ ತಾರಸಿಯ ಮೇಲಿನ ನೀರಿನ ತೊಟ್ಟಿಯ ಗೋಡೆ ಒಡೆಯಿತು. ತೊಟ್ಟಿಯ ಕೆಳಗೇ ಮೋಟಾರು ಕೋಣೆ. ನೀರು ಅಲ್ಲಿಗೆ ನುಗ್ಗಿ ಮೋಟಾರು ಸುಟ್ಟಿತು. ಉಳಿದ ನೀರು ಕೆಸರು, ಇಟ್ಟಿಗೆ ಚೂರು ಹೊತ್ತುಕೊಂಡು ನಾಲ್ಕು ಮಹಡಿ ಇಳಿದು ಬೀದಿ ಸೇರಿತು. ಅಂದಿನಿಂದ ಲಿಫ್ಟ್ ಅಲ್ಲಾಡಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ನಾನು ಅಂದೇ ತಮಗೆ ಬರೆದೆ. ಎಂಟು ದಿನ ಬಿಟ್ಟು ತಮ್ಮ ಪರಿಶೀಲಕರು ಬರುತ್ತಾರೆಂದು ಉತ್ತರ ಬಂತು.

ಇಲ್ಲಿಯೇ ನಾವು ಎಡವಿದ್ದು. ನಾಲ್ಕನೇ ಮಹಡಿಯಲ್ಲಿ ನನ್ನ ಅಕ್ಕ ಇದ್ದಾಳೆ. ಪರಿಶೀಲಕರು ಬರುವ ಸುದ್ದಿ ಹೇಳಿದಾಗ ಅವಳು, "ದೊಡ್ಡ ಆಫೀಸಿನಿಂದ ಬರ್ತಾರೆ ಅಂತೀಯ, ಮೆಟ್ಟಿಲು ನೋಡಿದ್ರೆ ಕೊಟ್ಟಿಗೆ ಥರ ಇದೆ. ಮರ್ಯಾದೆ ಹೋಗತ್ತೆ ಕಣೋ, ತೊಳೆಸಿಬಿಡು" ಎಂದಳು. ನನಗೂ ಹೌದೆನ್ನಿಸಿತು. ಎರಡನೇ ಮಹಡಿಯ ದರ್ಜಿ, ಮೂರನೇ ಮಹಡಿಯ ಬಸ್ ಚಾಲಕ, ಅವರ ಮನೆಯವರು, ಎಲ್ಲರೂ ಸೇರಿ ಮೆಟ್ಟಿಲು ತಿಕ್ಕಿದರು. ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದೆವು. ಅವನು ಹೊರಗಿನ ಸುಟ್ಟ ವೈರುಗಳನ್ನು ಕಿತ್ತು ಗುಜರಿಗೆ ಹಾಕಿ, ಮೋಟಾರು ಒರೆಸಿ, ಅದರ ಮೇಲೆ ಒಗೆದ ಬಟ್ಟೆಯನ್ನೂ ಹೊದಿಸಿದ. ಮನೆಗೆ ಬರುವವರಿಗೆ ಹೊಲಸು ತೋರಿಸಬಾರದೆಂದು ಕಲಿತಿದ್ದೆವು. ತೋರಿಸಲೇಬೇಕಾದ ಹೊಲಸೂ ಇರುತ್ತದೆಂದು ತಮ್ಮ ಪಾಲಿಸಿಯ ನಲವತ್ತು ಪುಟಗಳಲ್ಲಿ ಎಲ್ಲಾದರೂ ಬರೆದಿದೆಯೇ?

ಪರಿಶೀಲಕರು ಸಜ್ಜನರು. ಶೂ ಬಿಚ್ಚಿಟ್ಟೇ ಮೋಟಾರು ಕೋಣೆಯ ಒಳಗೆ ಹೋದರು. "ಇಷ್ಟು ನೀಟಾಗಿ ಇಟ್ಕೊಂಡಿರೋ ಬಿಲ್ಡಿಂಗ್ ನಾನು ನೋಡೇ ಇಲ್ಲ ಸರ್" ಎಂದರು. ನಾವು ಹಿರಿಹಿರಿ ಹಿಗ್ಗಿದೆವು. ದರ್ಜಿಯಂತೂ ಅವರ ಕೋಟಿನ ಸಡಿಲ ಗುಂಡಿಯನ್ನು ಅಲ್ಲೇ ಹೊಲಿದುಕೊಟ್ಟ.

ಸಾಕ್ಷ್ಯವೇ ಇಲ್ಲವೆಂದೇನೂ ಅಲ್ಲ. ಚಾಲಕ ಫೋನಿನಲ್ಲಿ ವೀಡಿಯೊ ಮಾಡಿದ್ದ, ಕಳಿಸಿದೆವು. "ನೀರು ಹರೀತಿರೋದು ಕಾಣತ್ತೆ, ಆದ್ರೆ ಅದು ನಿಮ್ಮ ಬಿಲ್ಡಿಂಗೇ ಅಂತ ಹೇಗೆ ನಂಬೋದು?" ಎಂದು ತಮ್ಮ ಕಚೇರಿಯ ಹುಡುಗಿ ಫೋನಿನಲ್ಲಿ ಕೇಳಿದಳು. ಅವಳ ಧ್ವನಿಯಲ್ಲಿ ಸೊಕ್ಕಿರಲಿಲ್ಲ, ಆಯಾಸವಿತ್ತು. ಜಗಳವಾಡಲೂ ಮನಸ್ಸಾಗಲಿಲ್ಲ. ವಿಳಾಸ ಹೇಳದೆ ಹರಿದ ನೀರಿನದೇ ತಪ್ಪೆಂದು ಒಪ್ಪಿಕೊಂಡು ಫೋನಿಟ್ಟೆ.

ಲಿಫ್ಟಿಲ್ಲದೆ ನಾಲ್ಕು ಮಹಡಿ ಹತ್ತಿದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ತಾವು ಹೇಳಬಹುದು. ನನ್ನ ಅಕ್ಕನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು. ಐದು ತಿಂಗಳಿಂದ ದರ್ಜಿಯೂ ಚಾಲಕನೂ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಾರೆ, ಸಂಜೆ ಹತ್ತಿಸುತ್ತಾರೆ. ಅರುವತ್ತೆಂಟರ ನಾನು ಅವಳ ಚೀಲ ಹಿಡಿದು ಹಿಂದೆ ನಡೆಯುತ್ತೇನೆ. ಅಷ್ಟೇ ನನ್ನಿಂದಾಗುವುದು. ಕಳೆದ ತಿಂಗಳು ಚಾಲಕನ ಸೊಂಟ ಹಿಡಿದುಕೊಂಡಿತು. ಅವನು ಗೋಡೆಗೆ ಕೈಯೂರಿ ನಿಂತದ್ದನ್ನು ಅಕ್ಕ ನೋಡಿಬಿಟ್ಟಳು. ಅಂದಿನಿಂದ ಅವಳದು ಒಂದೇ ಮಾತು. "ಇವತ್ತು ಬೇಡ, ಮೈ ಹಗುರಾಗೇ ಇದೆ. ಮುಂದಿನ ಸಲ ಹೋದ್ರಾಯ್ತು." ಹೀಗೆ ಮೂರು ಸಲ ತಪ್ಪಿಸಿದ್ದಾಳೆ. ಅವಳ ಪಾದ ಬಾತು ಚಪ್ಪಲಿಗೆ ಹಿಡಿಸುತ್ತಿಲ್ಲ. ನಾನು ಬೈದೆ, ಗೋಗರೆದೆ, ಒಮ್ಮೆ ಅವಳೆದುರೇ ಅತ್ತೆ. ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ ಮಾನ್ಯರೇ.

ಆದ್ದರಿಂದ ಕೇಳುತ್ತಿದ್ದೇನೆ. ನಮ್ಮ ಅರ್ಜಿಯನ್ನು ಮತ್ತೆ ತೆರೆಯಿರಿ. ಮೋಟಾರಿನ ಒಳಭಾಗ ಬಿಚ್ಚಿ ನೋಡಬಲ್ಲ ಒಬ್ಬ ಎಂಜಿನಿಯರನ್ನು ಈ ವಾರವೇ ಕಳಿಸಿ. ಒಳಗಿನ ಸುಟ್ಟ ತಂತಿಯನ್ನು ನಾವು ಯಾರೂ ಒರೆಸಿಲ್ಲ.

ಅದೂ ಆಗದಿದ್ದರೆ ಇನ್ನೊಂದು ಬೇಡಿಕೆಯಿದೆ. ಇದಕ್ಕೆ ತಮಗೆ ಯಾವ ಖರ್ಚೂ ಇಲ್ಲ. ನಿರಾಕರಣೆಯ ಪತ್ರವನ್ನು ಬೇರೆ ಕಾರಣ ಕೊಟ್ಟು ಮತ್ತೊಮ್ಮೆ ಬರೆಯಿರಿ. ಯಾವ ಕಾರಣವಾದರೂ ಸರಿ, ಶುಭ್ರತೆಯ ಮಾತೊಂದು ಬೇಡ. ಪತ್ರ ಬಂದಿದೆಯೆಂದು ಅಕ್ಕನಿಗೆ ನಾನಿನ್ನೂ ಹೇಳಿಲ್ಲ. "ಏನಾದ್ರೂ ಬಂತೇನೋ?" ಎಂದು ದಿನಾ ಕೇಳುತ್ತಾಳೆ. ಅವಳು ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವಳು. ತಮಗೆ ಕಳಿಸುವ ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ, ಇದು ಅಚ್ಚಾದ ದಿನ ಪೇಪರ್ ಬಂದಿಲ್ಲವೆಂದು ಅವಳಿಗೆ ಸುಳ್ಳು ಹೇಳುತ್ತೇನೆ. ತೊಳೆಸು ಎಂದದ್ದು ತಾನೇ ಎಂದು ನೆನಪಾದರೆ, ಅವಳು ಮತ್ತೆಂದೂ ಆ ಕುರ್ಚಿಯಲ್ಲಿ ಕೂರುವುದಿಲ್ಲ.

ಇಂತಿ,
ಚೀಲ ಹಿಡಿದು ಹಿಂದೆ ಬರುವ ತಮ್ಮ
(ಹಾಗೂ ನಿವಾಸಿಗಳ ಸಂಘದ ಕಾರ್ಯದರ್ಶಿ, ಹೆಸರಿಗೆ)